ಮೂರನೇ ಜಾವದ ಕಾವಲು

ರಾತ್ರಿ ಹನ್ನೊಂದೂಕಾಲಿಗೆ ಕರೆಂಟು ಹೋಯಿತು. ಸೊಳ್ಳೆ ಕಾಟಕ್ಕೆಂದು ಹಾಕಿದ್ದ ಫ್ಯಾನು ಎರಡು ಸುತ್ತು ತೂರಾಡಿ ನಿಂತಿತು. ಅದರ ಸದ್ದು ನಿಂತದ್ದೇ ತಡ, ಪುಟ್ಟಿ ಕಣ್ಣು ಬಿಟ್ಟಳು.

ಸಾಗರದ ಜುಲೈ ಮಳೆ ಕಂಡವರಿಗೆ ಹೇಳಬೇಕಾಗಿಲ್ಲ. ಹೆಂಚಿನ ಮೇಲೆ ಒಮ್ಮೆ ಹೊಡೆಯಲು ಶುರುವಾದರೆ ಒಂದೇ ಕೋಣೆಯಲ್ಲಿ ಕೂತವರೂ ಕೂಗಿ ಮಾತಾಡಬೇಕು. ಅಂಥ ಮಳೆಯನ್ನೂ ಸೀಳಿಕೊಂಡು ಬಂತು ಎಂಟು ತಿಂಗಳ ಕೂಸಿನ ಅಳು. ಟಾರ್ಚು ಎಲ್ಲಿ? ದಿಂಬಿನ ಕೆಳಗಿಲ್ಲ. ಮೊಬೈಲು? ಚಾರ್ಜು ಮುಗಿಯುತ್ತ ಬಂದಿದೆ. ಕತ್ತಲಲ್ಲಿ ಕೈ ಚಾಚಿದರೆ ಸಿಕ್ಕಿದ್ದು ಹೆಂಡತಿಯ ಭುಜ. ಅವಳು ಆಗಲೇ ಎದ್ದು ಕೂತು ಕೂಸನ್ನು ತೊಡೆಗೆ ಎಳೆದುಕೊಂಡಿದ್ದಳು.

"ರೀ, ಇದು ಎಷ್ಟನೇ ಸಲ?"

"ಎರಡು."

"ಇನ್ನೂ ಹನ್ನೊಂದೂವರೆ ಆಗಿಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿಗೂ ಒಂದಿಷ್ಟು ತ್ರಾಣ ಬೇಕು. ನಾವು ನೆಟ್ಟಗೆ ನಿದ್ದೆ ಮಾಡದೆ ಅದು 23ನೇ ರಾತ್ರಿ. ಬಾಣಂತನದ ಮೊದಲ ತಿಂಗಳುಗಳಲ್ಲಿ ಇಷ್ಟು ಕಷ್ಟವಾಗಿರಲಿಲ್ಲ. ಆಗ ಅತ್ತೆ ಇದ್ದರು, ಕೂಸು ಕುಡಿದರೆ ಮಲಗುತ್ತಿತ್ತು. ಐದನೇ ತಿಂಗಳಿಗೆ ಒಂದೇ ಸಮ ನಾಲ್ಕು ಗಂಟೆ ಮಲಗಿ, ನಾವು ಗೆದ್ದೆವು ಎಂದುಕೊಳ್ಳುವಂತೆ ಮಾಡಿತ್ತು. ಎಂಟು ತುಂಬುತ್ತಿದ್ದಂತೆ ಏನಾಯಿತೋ, ಗಂಟೆಗೊಮ್ಮೆ ಎಚ್ಚರ. ಎದ್ದರೆ ರಚ್ಚೆ. ಆ ರಾತ್ರಿ ಬೆಳಗಾಗುವುದರೊಳಗೆ ಏಳು ಸಲ ಎದ್ದಳು. ನಾಲ್ಕನೇ ಸಲದ್ದನ್ನು ನಾನು ಜೀವಮಾನದಲ್ಲಿ ಮರೆಯಲಾರೆ.

ಹನ್ನೆರಡು ಹತ್ತು. ಕುಡಿದು, ತೇಗು ಬಂದು, ನನ್ನ ಹೆಗಲ ಮೇಲೆ ಕೂಸಿಗೆ ಜೊಂಪು ಹತ್ತಿದೆ. ಈಗ ಇಳಿಸಬೇಕು. ಹೆಗಲ ಮೇಲೆ ನಿದ್ದೆಹೋದ ಕೂಸನ್ನು ಹಾಸಿಗೆಗೆ ಇಳಿಸುವುದಿದೆಯಲ್ಲ, ಅಷ್ಟು ನಾಜೂಕಿನ ಕೆಲಸ ನನ್ನ ಕೈಯಿಂದ ಬೇರೊಂದು ಆಗಿಲ್ಲ. ಮೊದಲು ಮಂಡಿಯೂರಬೇಕು. ಬಾಗಿ, ಕೂಸಿನ ಕುಂಡೆ ಮೊದಲು ಹಾಸಿಗೆಗೆ ತಾಗಬೇಕು, ಆಮೇಲೆ ಬೆನ್ನು, ಕಟ್ಟಕಡೆಗೆ ತಲೆ. ತಲೆಯಡಿಯ ಅಂಗೈಯನ್ನು ಒಂದೊಂದೇ ಬೆರಳಾಗಿ ಎಳೆದುಕೊಳ್ಳಬೇಕು. ನನ್ನ ಅಂಗಿಯ ಕಾಲರು ಹಿಡಿದ ಆ ಮುಷ್ಟಿಯನ್ನು ಬಿಡಿಸಬೇಕು. ಬಿಡಿಸಿದ ಕೂಡಲೇ ಮುಷ್ಟಿ ಗಾಳಿಯಲ್ಲಿ ಏನನ್ನೋ ಹುಡುಕುತ್ತದೆ. ಆಗ ಎದೆಯ ಮೇಲೆ ಅಂಗೈಯ ಭಾರವಿಟ್ಟು ಕಾಯಬೇಕು. ಒಂದು ಉಸಿರು. ಎರಡು. ಹತ್ತು. ಹದಿನೈದಕ್ಕೆ ನಾನು ಏಳಲು ಹೊರಟೆ. ಮಂಡಿ ಲಟಕ್ಕೆಂದಿತು. ಕಣ್ಣು ತೆರೆಯಿತು. ಒಂದು ಕ್ಷಣ ನನ್ನನ್ನೇ ನೋಡಿತು. ತುಟಿ ಕೆಳಗೆ ಬಾಗಿತು. ಮತ್ತೆ ಶುರು.

ಯಾಕೆ ಹೀಗೆ ಎಂದು ಆ ದಿನಗಳಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಓದಿದ್ದೆ. ದೊಡ್ಡವರ ನಿದ್ದೆ ಸುಮಾರು 90 ನಿಮಿಷಕ್ಕೊಂದು ಸುತ್ತು ಮುಗಿಸುತ್ತದೆ, ಕೂಸಿನದು 50-60 ನಿಮಿಷಕ್ಕೆ. ಪ್ರತಿ ಸುತ್ತಿನ ಕೊನೆಗೂ ನಿದ್ದೆ ತೆಳುವಾಗುತ್ತದೆ. ನಾವಾದರೆ ಮಗ್ಗುಲು ಬದಲಿಸಿ ಮತ್ತೆ ಮುಳುಗುತ್ತೇವೆ, ಬೆಳಿಗ್ಗೆ ನೆನಪೂ ಇರುವುದಿಲ್ಲ. ಕೂಸು ಕಣ್ಣು ಬಿಟ್ಟು ನೋಡುತ್ತದೆ: ನಿದ್ದೆ ಹತ್ತಿದ್ದು ಬೆಚ್ಚನೆಯ ಹೆಗಲ ಮೇಲೆ, ಈಗ ಬೆನ್ನಿಗೆ ತಾಗುತ್ತಿರುವುದು ತಣ್ಣನೆಯ ಹಾಸಿಗೆ. ಎಂಟು ತಿಂಗಳ ಹೊತ್ತಿಗೆ ಇನ್ನೊಂದು ಸೇರಿಕೊಳ್ಳುತ್ತದೆ. ಕಣ್ಣಿಗೆ ಬೀಳದಿದ್ದರೂ ಅಮ್ಮ ಎಲ್ಲೋ ಇದ್ದಾಳೆ ಎಂಬುದು ಅದಕ್ಕೆ ಆಗಷ್ಟೇ ತಿಳಿಯತೊಡಗುತ್ತದೆ. ಇದ್ದಾಳೆ, ಇಲ್ಲಿಲ್ಲ. ಕೂಗದೆ ಇನ್ನೇನು ಮಾಡೀತು? ಅದೇ ಹೊತ್ತಿಗೆ ಅಂಬೆಗಾಲು, ಅದೇ ಹೊತ್ತಿಗೆ ವಸಡು ಒಡೆದು ಬರುವ ಹಲ್ಲು. ನಾವು ಅದನ್ನು ಹಟ ಎನ್ನುತ್ತೇವೆ.

ಇಷ್ಟೆಲ್ಲ ತಿಳಿದಿತ್ತು. ತಿಳಿದಿದ್ದರಿಂದ ಆ ರಾತ್ರಿ ಒಂದು ನಿಮಿಷವೂ ಹೆಚ್ಚು ನಿದ್ದೆ ಸಿಗಲಿಲ್ಲ.

ಎರಡು ಗಂಟೆ ಇಪ್ಪತ್ತು ನಿಮಿಷ. ನಾಲ್ಕನೇ ಸಲ. ಹೆಂಡತಿ ಏಳಲು ನೋಡಿದಳು, ಕೈಯೂರಿದಳು, ಮೈ ಮೇಲೇಳಲಿಲ್ಲ. "ನೀನು ಮಲಗು" ಎಂದು ಕೂಸನ್ನು ಎತ್ತಿಕೊಂಡು ಹೊರಗಿನ ಜಗಲಿಗೆ ಬಂದೆ. ಎರಚಲು ಬಡಿಯುತ್ತಿತ್ತು. ಒಳಗೆ ಬಂದೆ. ಗೋಡೆಯಿಂದ ಗೋಡೆಗೆ ಹದಿಮೂರು ಹೆಜ್ಜೆ, ತಿರುಗು, ಮತ್ತೆ ಹದಿಮೂರು. ಬೆನ್ನು ತಟ್ಟುತ್ತಾ, ಮಾತು ಮರೆತ ಲಾಲಿಯನ್ನು ಬರೀ ಗುನುಗುತ್ತಾ ನಡೆದೆ. ಎಷ್ಟೋ ಸುತ್ತಿನ ಮೇಲೆ ಅಳು ಬಿಕ್ಕಾಯಿತು. ಬಿಕ್ಕು ನಿಟ್ಟುಸಿರಾಯಿತು. ಕಾಲು ಕಂಪಿಸುತ್ತಿತ್ತು. ಎದುರಿಗೆ ಅಜ್ಜನ ಕಾಲದ ಆರಾಮ ಕುರ್ಚಿ. ಎರಡು ನಿಮಿಷ ಕೂತರೇನು? ಕೂತೆ.

ಮುಂದಿನದು ನನಗೆ ಗೊತ್ತಿಲ್ಲ. ಅವಳು ಹೇಳಿದ್ದು.

ಅಳು ನಿಂತದ್ದಕ್ಕೆ ಅವಳಿಗೆ ಎಚ್ಚರವಾಯಿತಂತೆ. ಅಳುವಾಗಲ್ಲ, ನಿಂತಾಗ. ಮಳೆಯೂ ಆಗ ಹೊಳವಾಗಿತ್ತು. ಮನೆಯೆಲ್ಲ ನಿಶ್ಶಬ್ದ. ಗೋಡೆ ಹಿಡಿದುಕೊಂಡು ಬಂದು ನೋಡಿದರೆ ನನ್ನ ತಲೆ ಹಿಂದಕ್ಕೆ ಬಿದ್ದಿದೆ, ಬಾಯಿ ತೆರೆದಿದೆ, ಕೈ ಸಡಿಲವಾಗಿದೆ. ಕೂಸು ಎದೆಯಿಂದ ಜಾರಿ, ನನ್ನ ಪಕ್ಕೆಗೂ ಕುರ್ಚಿಯ ಬಟ್ಟೆಗೂ ನಡುವಿನ ಸಂದಿಯಲ್ಲಿ ಮುಖ ಹುದುಗಿ ಸಿಕ್ಕಿಕೊಂಡಿದೆ. ಅವಳು ಕಿರುಚಲಿಲ್ಲ. ಎರಡೂ ಕಂಕುಳಿಗೆ ಕೈಹಾಕಿ ಎಳೆದುಕೊಂಡಳು. ನನಗೆ ಎಚ್ಚರವಾದದ್ದು ಆಗ. ಕತ್ತಲಲ್ಲಿ ಅವಳು ಕೂಸಿನ ಬೆನ್ನು ತಿಕ್ಕುತ್ತಿದ್ದಳು, "ಪುಟ್ಟೀ, ಪುಟ್ಟೀ" ಎನ್ನುತ್ತಿದ್ದಳು. ಅಷ್ಟು ಹೊತ್ತು ನಿಲ್ಲಲಿ ಎಂದು ಬೇಡಿಕೊಂಡಿದ್ದ ಅಳು ಈಗ ಬರಲಿ ಎಂದು ಇಬ್ಬರೂ ಉಸಿರು ಬಿಗಿಹಿಡಿದು ಕಾದೆವು.

ಬಂತು.

ಅವಳು ನನಗೆ ಒಂದು ಮಾತೂ ಅನ್ನಲಿಲ್ಲ. ಗೋಡೆಗೊರಗಿ ನೆಲದ ಮೇಲೆ ಕೂತು, ಕೂಸನ್ನು ಅವುಚಿಕೊಂಡು, ಬಹಳ ಹೊತ್ತಾದ ಮೇಲೆ ಇಷ್ಟು ಹೇಳಿದಳು: "ನನಗೆ ಅಳುವುದಕ್ಕೂ ಆಗ್ತಿಲ್ಲ ಕಣ್ರೀ."

ಬೆಳಿಗ್ಗೆ ಆರೂವರೆಗೆ ಬೈಕು ಹತ್ತಿದೆ. ಕೆಲಸಕ್ಕೆ ರಜೆ ಹಾಕುವಂತಿರಲಿಲ್ಲ. ಆನಂದಪುರದ ದಾರಿ, ಎರಡೂ ಕಡೆ ಒದ್ದೆ ಮರಗಳು, ರಸ್ತೆಯ ಮೇಲೆ ಮಂಜು. ಒಂದು ತಿರುವು ದಾಟಿದ್ದು ನೆನಪಿದೆ. ಅದರ ಮುಂದಿನದು ನೆನಪಿಲ್ಲ. ಲಾರಿಯ ಹಾರ್ನು ಕಿವಿಗೆ ಅಪ್ಪಳಿಸಿದಾಗ ನಾನು ರಸ್ತೆಯ ಬಲಗಡೆಯಲ್ಲಿದ್ದೆ. ಹ್ಯಾಂಡಲು ಎಡಕ್ಕೆಳೆದೆ, ಬೈಕು ಕೆಸರಿಗಿಳಿದು ಅಡ್ಡಬಿತ್ತು. ಲಾರಿ ನಿಲ್ಲಿಸಿ ಓಡಿಬಂದ ಚಾಲಕ ನನ್ನ ಮುಖ ನೋಡಿ, "ರಾತ್ರಿ ಕುಡಿದಿದ್ರಾ ಸಾರ್?" ಎಂದು ಕೇಳಿದ. ಕೇಳಿದ್ದರಲ್ಲಿ ತಪ್ಪಿಲ್ಲ. ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು 1997ರಲ್ಲಿ ಅಳೆದು ತೋರಿಸಿದ್ದಾರೆ: ಸತತ 17 ಗಂಟೆ ಎಚ್ಚರವಿದ್ದವನ ಕೈ-ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ 0.05 ಶೇಕಡಾ ಮದ್ಯವಿದ್ದವನ ಮಟ್ಟಕ್ಕೆ ಇಳಿದಿರುತ್ತದೆ. ನಮ್ಮ ದೇಶದಲ್ಲಿ ವಾಹನ ಓಡಿಸುವವನಿಗೆ ಕಾನೂನು ಇಟ್ಟ ಮಿತಿ 0.03. ನಾನು ರಾತ್ರಿಯಿಡೀ ತುಂಡು ತುಂಡಾಗಿ ಒಂದೂವರೆ ಗಂಟೆ ಮಲಗಿದ್ದೆನೇನೋ. ಅದೂ ಒಂದು ರಾತ್ರಿಯಲ್ಲ, 23 ರಾತ್ರಿ.

ಕೆಸರು ಮೆತ್ತಿದ ಪ್ಯಾಂಟಿನಲ್ಲೇ ರಸ್ತೆ ಬದಿಯ ಚಹಾ ಅಂಗಡಿಯಲ್ಲಿ ಕೂತು ಊರಿಗೆ, ಅಮ್ಮನಿಗೆ ಫೋನು ಹಚ್ಚಿದೆ. ಎಲ್ಲ ಹೇಳಿದೆ. ಕುರ್ಚಿಯದ್ದೂ ಹೇಳಿದೆ. ಆ ಕಡೆಯಿಂದ ಸದ್ದೇ ಇಲ್ಲ. ಆಮೇಲೆ ಅಮ್ಮ ಕೇಳಿದಳು:

"ನಿನ್ನ ಅಪ್ಪಯ್ಯ ಗದ್ದೆ ಕಾಯೋಕೆ ಯಾವತ್ತಾದ್ರೂ ಒಬ್ಬರೇ ಹೋಗಿದ್ರಾ?"

"ಇಲ್ಲ."

"ಮತ್ತೆ? ಹಂದಿ ಕಾಯೋಕೆ ಇಬ್ಬರು ಬೇಕು, ಕೂಸು ಕಾಯೋಕೆ ಒಬ್ಬಳು ಸಾಕಾ?"

ನಾನೂ ಎದ್ದಿರುತ್ತೇನಲ್ಲಮ್ಮ ಎಂದೆ. "ಇಬ್ಬರೂ ಎದ್ದು ಕೂತರೆ ಅದು ಕಾವಲಲ್ಲ ಮಗಾ. ಇಬ್ಬರೂ ಕೆಡ್ತೀರಿ" ಎಂದಳು.

ಮಲೆನಾಡಿನಲ್ಲಿ ಹುಟ್ಟಿದವರಿಗೆ ಮಾಳ ಗೊತ್ತು. ಭತ್ತ ತೆನೆ ಬಿಟ್ಟ ಮೇಲೆ ಗದ್ದೆಯ ಅಂಚಿಗೆ ನಾಲ್ಕು ಕಂಬ ನೆಟ್ಟು, ಮೇಲೊಂದು ಹುಲ್ಲಿನ ಮಾಡು ಕಟ್ಟಿ, ಕಾಡುಹಂದಿಗೆ ಕಾವಲು ಕೂರುವ ಅಟ್ಟ. ಅಪ್ಪಯ್ಯ ಪಕ್ಕದ ಗದ್ದೆಯವರನ್ನು ಕೂಡಿಕೊಂಡು ಹೋಗುತ್ತಿದ್ದರು. ಚಿಕ್ಕಂದಿನಲ್ಲಿ ನಾನೂ ಒಂದೆರಡು ಸಲ ಹೋಗಿ ಮಲಗಿದ್ದುಂಟು. ಒಬ್ಬರು ಡಬ್ಬ ಬಡಿಯುತ್ತಾ, ಬೆಂಕಿ ನೋಡಿಕೊಳ್ಳುತ್ತಾ ಕೂತರೆ ಇನ್ನೊಬ್ಬರು ಕಂಬಳಿ ಹೊದ್ದು ಗೊರಕೆ ಹೊಡೆಯುತ್ತಿದ್ದರು. ಹಂದಿ ಬಂದರೂ ಮಲಗಿದವರನ್ನು ಎಬ್ಬಿಸುತ್ತಿರಲಿಲ್ಲ. ಅರ್ಧ ರಾತ್ರಿಗೆ ಪಾಳಿ ಬದಲು. ನಮ್ಮ ಹಿರಿಯರು ರಾತ್ರಿಯನ್ನು ಮೂರು ಮೂರು ಗಂಟೆಯ ನಾಲ್ಕು ಜಾವ ಮಾಡಿದ್ದು ಬರೀ ಪಂಚಾಂಗಕ್ಕಲ್ಲ, ಇಂಥ ಕಾವಲಿಗೂ ಇರಬೇಕು ಎಂದು ನನಗೆ ಈಗ ಅನ್ನಿಸುತ್ತದೆ. ಹನ್ನೆರಡರಿಂದ ಮೂರರವರೆಗಿನ ಮೂರನೇ ಜಾವದಲ್ಲಿ ಮನುಷ್ಯನ ಮೈ ತಾನಾಗಿ ಕುಸಿಯುತ್ತದೆ. ನಾನು ಕುರ್ಚಿಯಲ್ಲಿ ಕುಸಿದದ್ದೂ ಅಲ್ಲೇ.

ಸಂಜೆ ಮಕ್ಕಳ ಡಾಕ್ಟರ ಹತ್ತಿರ ಮೂವರೂ ಹೋದೆವು. ಕೂಸಿಗೆ ಏನೂ ಆಗಿರಲಿಲ್ಲ. ಕುರ್ಚಿಯ ಕಥೆ ಕೇಳಿ ಡಾಕ್ಟರು ಪೆನ್ನು ಕೆಳಗಿಟ್ಟರು. ಸೋಫಾ, ಆರಾಮ ಕುರ್ಚಿಯ ಮೇಲೆ ಕೂಸನ್ನು ಎತ್ತಿಕೊಂಡು ದೊಡ್ಡವರು ನಿದ್ದೆಹೋಗುವುದು ಎಲ್ಲಕ್ಕಿಂತ ದೊಡ್ಡ ಅಪಾಯ ಎಂದರು. ಕೂಸು ಅಂಗಾತ ಮಲಗಬೇಕು, ಗಟ್ಟಿ ಹಾಸಿಗೆ ಬೇಕು, ತಲೆಯ ಬಳಿ ದಿಂಬು, ಮೆತ್ತೆ, ದಪ್ಪ ಹೊದಿಕೆ ಇರಬಾರದು. ಅಮೆರಿಕದಲ್ಲಿ 1994ರಲ್ಲಿ ಅಂಗಾತ ಮಲಗಿಸಿ ಎಂದು ಮನೆಮನೆಗೆ ಸಾರಿದ ಮೇಲೆ, ನಿದ್ದೆಯಲ್ಲೇ ಕಾರಣ ತಿಳಿಯದೆ ಸಾಯುವ ಕೂಸುಗಳ ಸಂಖ್ಯೆ ಕೆಲವೇ ವರ್ಷಗಳಲ್ಲಿ ಸುಮಾರು ಅರ್ಧಕ್ಕಿಳಿಯಿತು. ನಿದ್ದೆ ಬರಲೆಂದು ಕೆಮ್ಮಿನ ಔಷಧ ಒಂದು ಚಮಚ ಹಾಕಿ ಎಂದು ಪರಿಚಯದವರೊಬ್ಬರು ಹೇಳಿದ್ದರು. ಅದನ್ನು ಕೇಳಿದಾಗ ಡಾಕ್ಟರ ಮುಖ ಕೆಂಪಾಯಿತು. ಮುಟ್ಟಲೇಬೇಡಿ ಎಂದರು. ವರ್ಷ ತುಂಬುವವರೆಗೆ ಜೇನುತುಪ್ಪ ನೆಕ್ಕಿಸುವುದೂ ಬೇಡ ಎಂದರು.

ಹೆಂಡತಿ ಅಲ್ಲಿಯವರೆಗೆ ಸುಮ್ಮನಿದ್ದವಳು ಮೆಲ್ಲನೆ ಕೇಳಿದಳು: "ನನ್ನ ಹಾಲು ಸಾಲ್ತಾ ಇಲ್ವಾ ಡಾಕ್ಟ್ರೇ? ಎಲ್ಲರೂ ಹಾಗೇ ಅಂತಾರೆ."

ಅವಳು ಈ ಪ್ರಶ್ನೆಯನ್ನು ತಿಂಗಳಿಂದ ಹೊಟ್ಟೆಯಲ್ಲಿಟ್ಟುಕೊಂಡು ಎದ್ದು ಕೂರುತ್ತಿದ್ದಳು ಎಂಬುದು ನನಗೆ ಆ ಕ್ಷಣದವರೆಗೆ ಗೊತ್ತಿರಲಿಲ್ಲ. ಕೂಸಿನ ತೂಕ ಸರಿಯಾಗಿ ಏರಿದೆ, ಹಾಲಿಗೇನೂ ಕಡಿಮೆಯಿಲ್ಲ ಎಂದರು ಡಾಕ್ಟರು. ಕೆನಡಾದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ಆಮೇಲೆ ನಾನು ಅವಳಿಗೆ ಓದಿ ಹೇಳಿದೆ. ಆರು ತಿಂಗಳ ಕೂಸುಗಳಲ್ಲಿ ನೂರಕ್ಕೆ 38 ಸತತ ಆರು ಗಂಟೆ ಮಲಗುತ್ತಿರಲಿಲ್ಲ. ವರ್ಷ ತುಂಬಿದ ಮೇಲೂ ನೂರಕ್ಕೆ 28. ಹಾಗೆ ಏಳುವ ಕೂಸುಗಳ ಬೆಳವಣಿಗೆಯಲ್ಲಿ ಯಾವ ಕೊರತೆಯೂ ಕಂಡುಬರಲಿಲ್ಲ. ಅವಳು ಇನ್ನೊಮ್ಮೆ ಓದಿ ಎಂದಳು. ಓದಿದೆ.

ಆವತ್ತೇ ರಾತ್ರಿ ಪಾಳಿ ಹಂಚಿಕೊಂಡೆವು. ಒಂಬತ್ತಕ್ಕೆ ಅವಳು ಕೂಸಿಗೆ ಕುಡಿಸಿ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಮಲಗಬೇಕು. ಒಂದೂವರೆಯವರೆಗೆ ಕೂಸು ಎದ್ದರೂ ಬಿದ್ದರೂ ನನ್ನದು. ಅಲ್ಲಿಂದ ಆರರವರೆಗೆ ಅವಳದು, ಆಗ ನಾನು ಒಳಕೋಣೆಗೆ. ಹಿಂಡಿಟ್ಟ ಎದೆಹಾಲು ನಾಲ್ಕು ಗಂಟೆ ಹೊತ್ತು ಹೊರಗಿದ್ದರೂ ಕೆಡುವುದಿಲ್ಲ, ನಮ್ಮ ಮಳೆಗಾಲದ ತಣ್ಪಿನಲ್ಲಂತೂ ಚಿಂತೆಯಿಲ್ಲ. ಅಮ್ಮ ಕೊಟ್ಟಿದ್ದ ಬೆಳ್ಳಿ ಒಳಲೆ ಅಟ್ಟದಿಂದ ಕೆಳಗಿಳಿಯಿತು. ಆರಾಮ ಕುರ್ಚಿಯನ್ನು ಕೊಟ್ಟಿಗೆಗೆ ಸಾಗಿಸಿದೆ.

ಹನ್ನೊಂದಕ್ಕೆ ಪುಟ್ಟಿ ಎದ್ದಳು. ಎದುರಿಗೆ ಅಮ್ಮನಿಲ್ಲ, ನಾನಿದ್ದೇನೆ. ಒಳಲೆಯ ಹಾಲು ಮೂರು ಗುಟುಕು ಕುಡಿದು ಉಳಿದದ್ದನ್ನು ನನ್ನ ಎದೆಯ ಮೇಲೆ ಉಗಿದಳು. ಆಮೇಲೆ ಅತ್ತಳು ನೋಡಿ, ಅಂಥ ಅಳು ನಾನು ಅದುವರೆಗೆ ಕೇಳಿರಲಿಲ್ಲ. ಬೆನ್ನು ಬಿಲ್ಲಾಯಿತು. ಮುಖ ಕೆಂಪಡರಿತು. ನನ್ನ ಕುತ್ತಿಗೆಯ ಚರ್ಮ ಆ ಪುಟ್ಟ ಉಗುರಿಗೆ ಸಿಕ್ಕಿ ಗೀರಾಯಿತು. ಹತ್ತು ನಿಮಿಷ. ಇಪ್ಪತ್ತು. ಹದಿಮೂರು ಹೆಜ್ಜೆ, ತಿರುಗು, ಹದಿಮೂರು ಹೆಜ್ಜೆ. ಅರ್ಧ ಗಂಟೆ. ಒಳಕೋಣೆಯ ಚಿಲಕ ಸದ್ದಾಯಿತು.

"ಬರ್ಬೇಡ. ನಾನಿದ್ದೀನಿ."

"ಹಸಿವಿರಬಹುದು ರೀ."

"ಒಂಬತ್ತಕ್ಕೆ ಹೊಟ್ಟೆತುಂಬ ಕುಡಿದಿದಾಳೆ. ನಾನು ಎತ್ಕೊಂಡಿದೀನಿ. ಒಬ್ಬಳನ್ನೇ ಬಿಟ್ಟಿಲ್ಲ. ನೀನು ಮಲಗು."

ಬಾಗಿಲಿನಾಚೆ ಅವಳು ನಿಂತೇ ಇದ್ದಳು. ಈಚೆ ಒಬ್ಬಳು ಅಳುತ್ತಿದ್ದಾಳೆ, ಆಚೆ ಒಬ್ಬಳು. ನಡುವೆ ನಾನು. ಕೂಸನ್ನು ಒಂಟಿಯಾಗಿ ಅಳಲು ಬಿಟ್ಟು ನಿದ್ದೆ ಕಲಿಸುವ ಪದ್ಧತಿಯಿದೆ, ಅದರಿಂದ ಹಾನಿಯಾಗಿಲ್ಲ ಎನ್ನುವ ಅಧ್ಯಯನಗಳೂ ಇವೆ. ಅದನ್ನು ಆರಿಸಿಕೊಂಡವರನ್ನು ನಾನು ದೂರುವುದಿಲ್ಲ. ನಮ್ಮಿಂದ ಆಗದು ಎಂದು ಇಬ್ಬರೂ ಮೊದಲೇ ತೀರ್ಮಾನಿಸಿದ್ದೆವು. ಹೆಗಲು ಕೊಡುತ್ತೇವೆ, ಯಾರ ಹೆಗಲು ಎಂಬುದು ಮಾತ್ರ ಬದಲಾಗುತ್ತದೆ.

ಐವತ್ತನೇ ನಿಮಿಷಕ್ಕೆ ಅಳು ಒಡೆಯಿತು. ಒದ್ದೆ ಕೆನ್ನೆ ನನ್ನ ಕುತ್ತಿಗೆಯ ಗುಳಿಗೆ ಬಂದು ಕೂತಿತು. ಒಂದು ಕೈ ನನ್ನ ಕಿವಿ ಹಿಡಿದುಕೊಂಡಿತು. ಕೂಸು ನನ್ನ ಹೆಗಲನ್ನು ಒಪ್ಪಿಕೊಂಡಿತ್ತು. ಮೈ ಭಾರವಾಗುವವರೆಗೂ ನಡೆದೆ, ಕೂರಲಿಲ್ಲ. ಕುಂಡೆ, ಬೆನ್ನು, ತಲೆ. ಬೆರಳು, ಬೆರಳು, ಬೆರಳು. ಎದೆಯ ಮೇಲೆ ಅಂಗೈ. ಉಸಿರು ಎಣಿಸಿದೆ. ನಲವತ್ತರವರೆಗೆ ಎಣಿಸಿ ಎದ್ದೆ.

ಎರಡನೇ ರಾತ್ರಿ ಅರ್ಧ ಗಂಟೆ ಅತ್ತಳು. ಮೂರನೇ ರಾತ್ರಿ ಮತ್ತೆ ಮುಕ್ಕಾಲು ಗಂಟೆ, ನಾನು ಸೋತೆ ಎಂದುಕೊಂಡೆ. ನಾಲ್ಕನೇ ರಾತ್ರಿ ಹತ್ತೇ ನಿಮಿಷ. ಅಂದು ಹೆಂಡತಿ ಒಂಬತ್ತೂಕಾಲಿಗೆ ಮಲಗಿದವಳು ಒಂದೂವರೆಗೆ ನಾನು ಹೋಗಿ ಭುಜ ಮುಟ್ಟುವವರೆಗೆ ಅಲುಗಾಡಲಿಲ್ಲ. ಸತತ ನಾಲ್ಕೂಕಾಲು ಗಂಟೆ. ಬೆಳಿಗ್ಗೆ ಎದ್ದು ಕನ್ನಡಿಯ ಮುಂದೆ ನಿಂತು ಜಡೆ ಹೆಣೆದುಕೊಂಡಳು. ಅವಳು ಜಡೆ ಹೆಣೆದುಕೊಂಡು ತಿಂಗಳಾಗಿತ್ತು.

ಪುಟ್ಟಿ ಏಳುವುದು ನಿಲ್ಲಲಿಲ್ಲ. ಅದನ್ನು ಸ್ಪಷ್ಟವಾಗಿ ಹೇಳಬೇಕು, ಯಾಕೆಂದರೆ ಯಾವುದೋ ಉಪಾಯ ಮಾಡಿದರೆ ಮೂರು ದಿನದಲ್ಲಿ ಕೂಸು ಬೆಳತನಕ ಮಲಗುತ್ತದೆ ಎಂದು ನಂಬಿಸುವವರು ಬೇಕಾದಷ್ಟಿದ್ದಾರೆ. ಸಂಜೆ ದೀಪ ಮಂದ ಮಾಡಿದೆವು, ದಿನವೂ ಒಂದೇ ಹೊತ್ತಿಗೆ ಸ್ನಾನ, ಒಂದೇ ಲಾಲಿ. ಏಳು ಸಲ ಏಳುತ್ತಿದ್ದವಳು ನಾಲ್ಕಕ್ಕೆ ಬಂದಳು. ಎರಡು ವಾರದ ಮೇಲೆ ಕೆಳವಸಡಿನಲ್ಲಿ ಅಕ್ಕಿಕಾಳಿನಷ್ಟು ಬಿಳಿ ಕಾಣಿಸಿತು, ಆಮೇಲೆ ಮೂರು ಸಲಕ್ಕಿಳಿಯಿತು. ಜ್ವರ ಬಂದ ವಾರ ಮತ್ತೆ ಆರು. ಇಂಥ ರಾತ್ರಿಗಳಿಗೆ ಮೈ ಒಗ್ಗೀತೇ? ಅಮೆರಿಕದ ಕ್ಲೈಟ್‌ಮನ್ ಎಂಬ ವಿಜ್ಞಾನಿ 1938ರಲ್ಲಿ ಕೆಂಟಕಿಯ ಮ್ಯಾಮತ್ ಗುಹೆಯೊಳಗೆ 32 ದಿನವಿದ್ದು, ದಿನವನ್ನು 28 ಗಂಟೆಗೆ ಹಿಗ್ಗಿಸಿ ಬದುಕಿ ನೋಡಿದ. ಜತೆಗಿದ್ದ ಯುವಕನ ಮೈ ಒಗ್ಗಿತು, 43 ವರ್ಷದ ಕ್ಲೈಟ್‌ಮನ್‌ನ ಮೈ ಒಗ್ಗಲೇ ಇಲ್ಲ. ಸೂರ್ಯನೇ ಇಲ್ಲದ ಗುಹೆಯಲ್ಲೂ ಮೈಯೊಳಗಿನ ಗಡಿಯಾರ ಹಟ ಬಿಡಲಿಲ್ಲ. ಕೂಸಿನ ರಾತ್ರಿಗೆ ತಾಯಿಯ ಮೈ ತಾನಾಗಿ ಒಗ್ಗುತ್ತದೆ, ತಾಯ್ತನ ಎಲ್ಲವನ್ನೂ ತಡೆದುಕೊಳ್ಳುತ್ತದೆ ಎನ್ನುವವರು ಇದನ್ನು ಯೋಚಿಸಬೇಕು. ತಾಯ್ತನಕ್ಕೆ ಬೇರೆ ಮೈ ಇಲ್ಲ. ನಿದ್ದೆಗೆಟ್ಟರೆ ಅದೂ ಕುಸಿಯುತ್ತದೆ.

2017ರ ತಿದ್ದುಪಡಿಯಿಂದ ನಮ್ಮ ಕಾನೂನು ತಾಯಿಗೆ 26 ವಾರ ಹೆರಿಗೆ ರಜೆ ಕೊಟ್ಟಿತು. ಕೇಂದ್ರ ಸರ್ಕಾರದ ನೌಕರನಾದ ತಂದೆಗೆ ಸಿಗುವುದು 15 ದಿನ. ರಾತ್ರಿ ಏಳುವುದು ಯಾರ ಕೆಲಸ ಎಂದು ಈ ಎರಡು ಅಂಕಿಗಳೇ ಹೇಳಿಬಿಡುತ್ತವೆ. ಇದು ಬದಲಾಗಬೇಕು. ಬದಲಾಗುವವರೆಗೆ ಮನೆಯೊಳಗಿನ ಪಾಳಿಯನ್ನಾದರೂ ನಾವು ಬದಲಿಸಿಕೊಳ್ಳಬಹುದು, ಅದಕ್ಕೆ ಯಾರ ಸಹಿಯೂ ಬೇಡ.

ಮನೆಯಲ್ಲಿ ಹಸುಗೂಸಿರುವ ಗಂಡಂದಿರೇ, ಇವತ್ತು ರಾತ್ರಿ ಅರ್ಧ ನಿಮ್ಮದು ಎಂದು ಈಗಲೇ ಹೇಳಿ. ಸಹಾಯ ಮಾಡುತ್ತೇನೆ ಎನ್ನಬೇಡಿ, ಪಾಳಿ ನನ್ನದು ಎನ್ನಿ. ಹೆಂಡತಿ ಮಂಕಾಗಿದ್ದರೆ, ಅಳಲೂ ಆಗುತ್ತಿಲ್ಲ ಎಂದರೆ, ಕೂಸು ಮಲಗಿದಾಗಲೂ ಅವಳಿಗೆ ನಿದ್ದೆ ಬರುತ್ತಿಲ್ಲವಾದರೆ ಕಾಯಬೇಡಿ, ಡಾಕ್ಟರಿಗೆ ತೋರಿಸಿ. 14416 ಎಂಬ ಟೆಲಿ ಮಾನಸ್ ಸಹಾಯವಾಣಿ 2022ರಿಂದ ಇದೆ, ನಡುರಾತ್ರಿಯಲ್ಲೂ ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ. ಬಾಣಂತಿಯನ್ನು ನೋಡಲು ಹೋಗುವ ಅಕ್ಕಂದಿರೇ, ಅತ್ತೆಯರೇ, ಚಿಕ್ಕಮ್ಮಂದಿರೇ, ಕೂಸಿಗೆ ಫ್ರಾಕು ತೆಗೆದುಕೊಂಡು ಹೋಗದಿದ್ದರೂ ನಡೆಯುತ್ತದೆ. ಮಧ್ಯಾಹ್ನ ಊಟವಾದ ಮೇಲೆ ಎರಡು ಗಂಟೆ ಕೂಸನ್ನು ನೀವು ಎತ್ತಿಕೊಂಡಿರಿ. ಅವಳು ಬಾಗಿಲು ಹಾಕಿಕೊಂಡು ಮಲಗಲಿ.